ಕ್ಷಯ ಚಿಕಿತ್ಸೆಗೆ ಸಮುದಾಯ ಆರೋಗ್ಯ ಕಾರ್ಯಕರ್ತರ ತರಬೇತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬಡ ಪ್ರದೇಶಗಳಲ್ಲಿ ಕ್ಷಯದ ಕೆಲಸಕ್ಕೆ ಆರೋಗ್ಯ ಕಾರ್ಯಕರ್ತರನ್ನು ಸಿದ್ಧಪಡಿಸುವವರು, ಅವರ ಮೇಲ್ವಿಚಾರಕರು ಮತ್ತು ಯೋಜನೆ ರೂಪಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಬೆರೆತಿದೆ. ಎಲ್ಲಿ ಬೆರೆತಿದೆ ಎಂಬುದು ಓದುವಾಗಲೇ ತಿಳಿಯುತ್ತದೆ.

ಔಷಧವಿದೆ, ವೈದ್ಯರಿದ್ದಾರೆ. ನಡುವೆ ಈ ಕಾರ್ಯಕರ್ತೆಗೇನು ಕೆಲಸ?

ಔಷಧ ಒಂದು ಕಡೆ, ರೋಗಿ ಇನ್ನೊಂದು ಕಡೆ. ತೊಂದರೆ ಇರುವುದೇ ಅಲ್ಲಿ. 2023ರಲ್ಲಿ ಜಗತ್ತಿನ ಸುಮಾರು 1 ಕೋಟಿ 8 ಲಕ್ಷ ಜನರಿಗೆ ಕ್ಷಯ ಬಂದಿತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು. ಪತ್ತೆಯಾಗಿ ದಾಖಲೆಗೆ ಸೇರಿದವರು ಸುಮಾರು 82 ಲಕ್ಷ. ಉಳಿದ ಇಪ್ಪತ್ತೈದು ಲಕ್ಷಕ್ಕೂ ಮಿಕ್ಕ ಜನರು ಒಂದೋ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಲಿಲ್ಲ, ಇಲ್ಲವೇ ಹತ್ತಿದರೂ ಯಾರ ಲೆಕ್ಕಕ್ಕೂ ಸಿಗಲಿಲ್ಲ. ಅದೇ ವರ್ಷ ಈ ರೋಗದಿಂದ ಸತ್ತವರು ಸುಮಾರು 12 ಲಕ್ಷ 50 ಸಾವಿರ ಮಂದಿ, ಅದೂ ಆರು ತಿಂಗಳ ಮಾತ್ರೆಯಿಂದ ಗುಣವಾಗುವ ರೋಗದಿಂದ.

ಕೆಮ್ಮುವ ಮನುಷ್ಯನನ್ನು ಮೊದಲು ಗಮನಿಸುವುದು ವೈದ್ಯರಲ್ಲ, ನೆರೆಯವರು. ಆ ನೆರೆಯವರಲ್ಲಿ ಒಬ್ಬರಿಗೆ ಏನು ಕೇಳಬೇಕು, ಎಲ್ಲಿಗೆ ಕಳುಹಿಸಬೇಕು, ಆಮೇಲೆ ಆರು ತಿಂಗಳು ಹೇಗೆ ಜೊತೆಗಿರಬೇಕು ಎಂಬುದು ಗೊತ್ತಿದ್ದರೆ ಎಷ್ಟೋ ಜೀವ ಉಳಿಯುತ್ತದೆ. 1978ರ ಆಲ್ಮಾ ಆಟಾ ಅಂತರರಾಷ್ಟ್ರೀಯ ಸಮ್ಮೇಳನದ ಘೋಷಣೆ ಸಮುದಾಯದ ಕಾರ್ಯಕರ್ತರನ್ನು ಪ್ರಾಥಮಿಕ ಆರೋಗ್ಯ ಸೇವೆಯ ಭಾಗವೆಂದು ಹೆಸರಿಸಿದ್ದೂ ಇದೇ ಅರಿವಿನಿಂದ.

ಎಷ್ಟು ಓದಿದವರನ್ನು ಆರಿಸಬೇಕು?

ಹೆಸರು, ದಿನಾಂಕ, ಮಾತ್ರೆಯ ಲೆಕ್ಕ ಬರೆಯುವಷ್ಟು ಓದು ಸಾಕು. ಪದವಿಗಿಂತ ಆ ಜನರ ನಡುವೆ ಬಾಳುವುದು ಮತ್ತು ಅವರ ವಿಶ್ವಾಸ ಗಳಿಸಿರುವುದು ಮುಖ್ಯ. ಕ್ಷಯದಿಂದ ಗುಣವಾದವರು ಸಿಕ್ಕರೆ ಬಿಡಬೇಡಿ. "ನಾನೂ ಈ ಮಾತ್ರೆಗಳನ್ನು ನುಂಗಿದವಳೇ" ಎಂಬ ಒಂದು ಮಾತಿಗೆ ಇರುವ ತೂಕ ನಮ್ಮ ಇಡೀ ಕೈಪಿಡಿಗೆ ಇಲ್ಲ.

ತರಬೇತಿಯ ಮೊದಲ ದಿನ ಯಾವ ಪಾಠ?

ಸಾಮಾನ್ಯವಾಗಿ ಮೊದಲ ದಿನ ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ನಾನೂ ಹಾಗೆಯೇ ಮಾಡುತ್ತಿದ್ದೆ. 1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಬರ್ಲಿನ್‌ನಲ್ಲಿ ಕ್ಷಯದ ರೋಗಾಣುವನ್ನು ಪ್ರಕಟಪಡಿಸಿದ ಕಥೆಯಿಂದ ಶುರುಮಾಡಿ, ಶ್ವಾಸಕೋಶದ ಚಿತ್ರ ಬರೆದು, ಮಧ್ಯಾಹ್ನದ ಹೊತ್ತಿಗೆ ಅರ್ಧ ಜನರನ್ನು ನಿದ್ದೆಗೆ ಜಾರಿಸುವುದು. ಕಾಕ್ ಕಾಯಬಲ್ಲ. ಮೊದಲ ದಿನ ಕಲಿಸಬೇಕಾದದ್ದು ನಾಲ್ಕು ಲಕ್ಷಣಗಳನ್ನು ಕೇಳುವ ರೀತಿ: ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು.

ಲಕ್ಷಣಗಳ ಪಟ್ಟಿ ಹತ್ತು ನಿಮಿಷದಲ್ಲಿ ಬಾಯಿಪಾಠವಾಗುತ್ತದೆ. ಕೇಳುವ ರೀತಿಗೇ ದಿನ ಹಿಡಿಯುತ್ತದೆ. "ಕೆಮ್ಮು ಇದೆಯೇ?" ಎಂದು ಬೀಡಿ ಸೇದುವವನನ್ನು ಕೇಳಿದರೆ ಇಲ್ಲವೆನ್ನುತ್ತಾನೆ. ಅವನ ಪಾಲಿಗೆ ಅದು ಕೆಮ್ಮಲ್ಲ, ಬೆಳಗಿನ ರೂಢಿ. "ಕೆಮ್ಮಿನಿಂದ ರಾತ್ರಿ ಎಚ್ಚರವಾಗುತ್ತದೆಯೇ, ಎಷ್ಟು ದಿನದಿಂದ?" ಎಂದರೆ ಮಾತು ಹೊರಬರುತ್ತದೆ. ತಕ್ಕಡಿಯಿಲ್ಲದ ಮನೆಯಲ್ಲಿ "ತೂಕ ಇಳಿದಿದೆಯೇ?" ಎಂದು ಕೇಳಿ ಫಲವಿಲ್ಲ, ಬಟ್ಟೆ ಸಡಿಲವಾಗಿದೆಯೇ ಎಂದು ಕೇಳಬೇಕು. ಎರಡು ವಾರ ಮೀರಿದ ಕೆಮ್ಮು ಎಂದರೆ ಕಫ ಪರೀಕ್ಷೆ ಎಂಬುದು ಕೈಕಾಲಿಗೆ ಅಂಟಿದ ಅಭ್ಯಾಸವಾಗಬೇಕು. ಎಚ್‌ಐವಿ ಇರುವವರಲ್ಲಿ ಎರಡು ವಾರ ಕಾಯುವಂತಿಲ್ಲ, ಯಾವ ಲಕ್ಷಣ ಎಷ್ಟೇ ದಿನದಿಂದ ಇದ್ದರೂ ಕಳುಹಿಸಬೇಕು.

ಒಟ್ಟು ಎಷ್ಟು ದಿನದ ತರಬೇತಿ ಬೇಕು?

ಪ್ರಶ್ನೆಯಲ್ಲೇ ಒಂದು ತಪ್ಪು ಅಡಗಿದೆ. ಐದು ದಿನ ಒಂದೇ ಸಮನೆ ಕೂರಿಸಿ, ಪ್ರಮಾಣಪತ್ರ ಕೊಟ್ಟು, ಗುಂಪಿನ ಫೋಟೋ ತೆಗೆದು ಕಳುಹಿಸುವ ತರಬೇತಿ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆ. ಎರಡು ತಿಂಗಳಲ್ಲಿ ಮುಕ್ಕಾಲು ಪಾಲು ಮರೆತುಹೋಗುತ್ತದೆ. ತಪ್ಪು ಅವರದ್ದಲ್ಲ, ಕೇಳಿದ ದಿನ ಆ ವಿಷಯ ಅವರಿಗೆ ಬೇಕಾಗಿರಲಿಲ್ಲ.

ನನ್ನ ಮಟ್ಟಿಗೆ ಕೆಲಸಕ್ಕೆ ಬಂದಿರುವ ಕ್ರಮ ಬೇರೆ. ಮೊದಲು ಎರಡು ಮೂರು ದಿನದ ಬುನಾದಿ, ಆಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಒಂದು ಗಂಟೆಯ ಕೂಟ. ಅದೂ ದೂರದ ಸಭಾಂಗಣದಲ್ಲಿ ಅಲ್ಲ, ಅವರು ಔಷಧ ತೆಗೆದುಕೊಳ್ಳಲು ಬರುವ ಆರೋಗ್ಯ ಕೇಂದ್ರದಲ್ಲೇ. ಒಂದು ಕೂಟಕ್ಕೆ ಒಂದೇ ವಿಷಯ, ಮತ್ತು ಆ ವಾರ ಯಾರಿಗಾದರೂ ಎದುರಾದ ಒಂದು ನಿಜವಾದ ತೊಡಕು. ಕೂಟ ನಡೆಸುವವರು ಹೊರಗಿನ ತಜ್ಞರಾಗಬೇಕಿಲ್ಲ. ಕಾರ್ಯಕರ್ತೆಯರಲ್ಲೇ ಚುರುಕಾದ ಒಬ್ಬರನ್ನು ತಯಾರು ಮಾಡಿದರೆ ಅವರು ತಮ್ಮವರಿಗೆ ತಮ್ಮದೇ ಮಾತಿನಲ್ಲಿ ಹೇಳುತ್ತಾರೆ. ತರಬೇತುದಾರರನ್ನು ತರಬೇತುಗೊಳಿಸುವ ಈ ಸರಪಳಿಗೆ ಒಂದು ದೋಷವಿದೆ: ಕೊಂಡಿಯಿಂದ ಕೊಂಡಿಗೆ ವಿಷಯ ತೆಳುವಾಗುತ್ತದೆ. ಅದಕ್ಕೇ ಎರಡಕ್ಕಿಂತ ಹೆಚ್ಚು ಕೊಂಡಿ ಇಡಬೇಡಿ, ಮತ್ತು ಚೀಲದಲ್ಲಿ ಹಿಡಿಸುವಂಥ ಒಂದೆರಡು ಪುಟದ ಸಚಿತ್ರ ಕಾರ್ಡನ್ನು ಎಲ್ಲರ ಕೈಗೂ ಕೊಡಿ. ರೋಗಿಯ ಮುಂದೆ ಕೂತಾಗ ಅದನ್ನು ತೆರೆದು ನೋಡುವುದು ಅವಮಾನವಲ್ಲ ಎಂಬುದನ್ನೂ ಕಲಿಸಿ.

ಕಫ ಸಂಗ್ರಹಿಸುವುದಕ್ಕೂ ತರಬೇತಿ ಬೇಕೇ?

ಎಲ್ಲಕ್ಕಿಂತ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗಿರುವ ಪಾಠ ಇದೇ. ಡಬ್ಬಿ ಕೈಗಿಟ್ಟು "ಕಫ ಹಾಕಿ ಕೊಡಿ" ಎಂದರೆ ಸಿಗುವುದು ಜೊಲ್ಲು. ಜೊಲ್ಲಿನಲ್ಲಿ ರೋಗಾಣು ಹುಡುಕಿ ಪ್ರಯೋಗಾಲಯ ಇಲ್ಲವೆಂದು ಬರೆಯುತ್ತದೆ, ರೋಗಿ ಸಮಾಧಾನದಿಂದ ಮನೆಗೆ ಹೋಗುತ್ತಾನೆ. ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣುಗಳು ಇರಬೇಕು. ಹೀಗಾಗಿ ಒಳ್ಳೆಯ ಮಾದರಿಗೂ ಕೆಟ್ಟ ಮಾದರಿಗೂ ಇರುವ ಅಂತರ ಸಣ್ಣದಲ್ಲ. 2010ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅನುಮೋದಿಸಿದ ಎಕ್ಸ್‌ಪರ್ಟ್ ಎಂಬ ಯಂತ್ರದ ಪರೀಕ್ಷೆ ಇದಕ್ಕಿಂತ ತೀರ ಕಡಿಮೆ ರೋಗಾಣುಗಳನ್ನೂ ಗುರುತಿಸುತ್ತದೆ, ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್ ನಾಟುತ್ತದೆಯೇ ಎಂಬುದನ್ನೂ ಸುಮಾರು ಎರಡು ಗಂಟೆಯಲ್ಲಿ ಹೇಳುತ್ತದೆ. ಆದರೆ ಜೊಲ್ಲನ್ನು ಕಫವಾಗಿಸುವ ಯಂತ್ರ ಇನ್ನೂ ಬಂದಿಲ್ಲ.

ಕಲಿಸುವುದು ಹೀಗೆ: ಬಾಯಿ ಮುಕ್ಕಳಿಸುವುದು, ಎರಡು ಸಲ ಆಳವಾಗಿ ಉಸಿರೆಳೆದು ಹಿಡಿದು ಬಿಡುವುದು, ಮೂರನೆಯದರಲ್ಲಿ ಎದೆಯಾಳದಿಂದ ಕೆಮ್ಮುವುದು. ಸಾಧ್ಯವಾದರೆ ಒಂದು ಮಾದರಿ ಬೆಳಗ್ಗೆ ಎದ್ದ ಕೂಡಲೇ. ಜಾಗ ಯಾವಾಗಲೂ ಬಯಲು, ಕೋಣೆಯೊಳಗೆ ಖಂಡಿತ ಬೇಡ. ಕಾರ್ಯಕರ್ತೆ ಗಾಳಿ ಬರುವ ದಿಕ್ಕಿನಲ್ಲಿ, ರೋಗಿಯ ಹಿಂಬದಿಗೆ, ತುಸು ದೂರ ನಿಲ್ಲಬೇಕು. ಹೆಂಗಸರು ನಾಲ್ಕು ಜನರೆದುರು ಹಾಗೆ ಕೆಮ್ಮಿ ಉಗುಳಲು ಹಿಂಜರಿಯುತ್ತಾರೆ. ಅವರಿಗೆ ಮರೆಯ ಜಾಗ ತೋರಿಸಬೇಕು. ಹೆಸರನ್ನು ಡಬ್ಬಿಯ ಮುಚ್ಚಳದ ಮೇಲೆ ಬರೆಯಬೇಡಿ, ಮೈಮೇಲೆ ಬರೆಯಿರಿ. ಪ್ರಯೋಗಾಲಯದಲ್ಲಿ ಮುಚ್ಚಳಗಳು ಅದಲುಬದಲಾಗುತ್ತವೆ. ತರಬೇತಿಯಲ್ಲಿ ಪ್ರತಿಯೊಬ್ಬರಿಂದಲೂ ಇದನ್ನು ನೀರು ತುಂಬಿದ ಡಬ್ಬಿಯೊಂದಿಗೆ ಒಮ್ಮೆ ಮಾಡಿಸಿ. ನಗುತ್ತಾರೆ, ಆದರೆ ಮರೆಯುವುದಿಲ್ಲ.

ಮಾತ್ರೆ ನುಂಗುವುದನ್ನು ಕಾರ್ಯಕರ್ತೆ ಕಣ್ಣಾರೆ ನೋಡಲೇಬೇಕೇ?

ಇದಕ್ಕೆ ಸ್ವಲ್ಪ ಇತಿಹಾಸ ಬೇಕು. ಒಂದು ಕಾಲದಲ್ಲಿ ಕ್ಷಯ ಎಂದರೆ ಆರೋಗ್ಯಧಾಮದಲ್ಲಿ ತಿಂಗಳುಗಟ್ಟಲೆ ಮಲಗುವುದು. 1956ರಲ್ಲಿ ಮದರಾಸಿನಲ್ಲಿ ಆರಂಭವಾಗಿ 1959ರಲ್ಲಿ ಪ್ರಕಟವಾದ ಪ್ರಯೋಗ ಆ ನಂಬಿಕೆಯನ್ನು ಬುಡಮೇಲು ಮಾಡಿತು. ಇಕ್ಕಟ್ಟಿನ ಬಡ ಮನೆಗಳಲ್ಲಿ ಇದ್ದುಕೊಂಡೇ ಔಷಧ ತೆಗೆದುಕೊಂಡವರೂ ಆರೋಗ್ಯಧಾಮದಲ್ಲಿ ಮಲಗಿದ್ದವರಷ್ಟೇ ಚೆನ್ನಾಗಿ ಗುಣವಾದರು. ಮನೆಯಲ್ಲಿ ಮಾತ್ರೆ ನುಂಗಬಹುದು ಎಂದಾದ ಮೇಲೆ ನುಂಗುತ್ತಾರೋ ಇಲ್ಲವೋ ಎಂಬ ಅನುಮಾನ ಹುಟ್ಟಿತು. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿಗೆಲ್ಲ ಸಾರಿದ ಡಾಟ್ಸ್ ಎಂಬ ಚಿಕಿತ್ಸಾ ಕ್ರಮದಲ್ಲಿ ನೇರ ನಿಗಾ, ಅಂದರೆ ನುಂಗುವುದನ್ನು ಎದುರಲ್ಲೇ ನೋಡುವುದು, ಒಂದು ಅಂಗವಾಯಿತು.

ಆದರೆ ನೋಡುವುದಷ್ಟರಿಂದಲೇ ಹೆಚ್ಚು ಜನ ಗುಣವಾಗುತ್ತಾರೆಯೇ? ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ 2015ರ ಕಾಕ್ರೇನ್ ಪರಾಮರ್ಶೆಯಲ್ಲಿ, ಎದುರಲ್ಲಿ ನುಂಗಿಸಿದ್ದಕ್ಕೂ ತಾವಾಗಿಯೇ ನುಂಗಿದ್ದಕ್ಕೂ ಗುಣವಾಗುವ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2017ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಧ್ಯದ ದಾರಿ ಹಿಡಿಯಿತು: ನಿಗಾ ಇಡುವುದಾದರೆ ಆಸ್ಪತ್ರೆಯಲ್ಲಿ ಬೇಡ, ಮನೆಯಲ್ಲೋ ಸಮುದಾಯದಲ್ಲೋ ಇರಲಿ, ಮನೆಯವರಿಗಿಂತ ತರಬೇತಾದ ಕಾರ್ಯಕರ್ತರು ಇಡಲಿ, ಸೌಲಭ್ಯವಿದ್ದರೆ ವಿಡಿಯೋ ಮೂಲಕವೂ ಆಗಬಹುದು.

ನನ್ನ ಉತ್ತರ: ಪ್ರತಿದಿನ ಬಾಯಿ ತೆರೆಸಿ ನೋಡುವ ಪೊಲೀಸ್ ಕೆಲಸವನ್ನು ಕಲಿಸಬೇಡಿ. ಹೈಟಿಯಲ್ಲಿ ಪಾರ್ಟ್ನರ್ಸ್ ಇನ್ ಹೆಲ್ತ್ ಸಂಸ್ಥೆ ತನ್ನ ಕಾರ್ಯಕರ್ತರನ್ನು ಕರೆಯುವ ಹೆಸರಿನ ಅರ್ಥ ಜೊತೆಗಾರ ಎಂದು. ಮಾತ್ರೆಯನ್ನು ಎದುರಲ್ಲಿ ನುಂಗಿಸಿದರೂ ಜೊತೆಗಾರಿಕೆ ಇರಬಹುದು, ನುಂಗಿಸದಿದ್ದರೂ ಇರಬಹುದು. ರೋಗಿ ಮಾತ್ರೆ ತಪ್ಪಿದ್ದನ್ನು ಮುಚ್ಚಿಡದೆ ಹೇಳುತ್ತಾನೆಯೇ ಎಂಬುದರಲ್ಲಿ ಅದು ತಿಳಿಯುತ್ತದೆ.

ರೋಗಿ ಮಾತ್ರೆ ಬಿಟ್ಟರೆ ಏನು ಮಾತನಾಡಬೇಕು?

ಸಾಮಾನ್ಯ ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಔಷಧ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್. ಮುಂದಿನ ನಾಲ್ಕು ತಿಂಗಳು ಮುಖ್ಯವಾಗಿ ಮೊದಲಿನ ಎರಡು. ಅಪಾಯದ ಘಟ್ಟ ಬರುವುದು ರೋಗ ಜೋರಾಗಿದ್ದಾಗ ಅಲ್ಲ, ಕೆಮ್ಮು ನಿಂತು, ಹಸಿವಾಗಿ, ಕೂಲಿಗೆ ಹೋಗುವ ಶಕ್ತಿ ಮರಳಿದಾಗ. ಆರಾಮಾಗಿರುವ ಮನುಷ್ಯ ಏಕೆ ಮಾತ್ರೆ ನುಂಗಬೇಕು? ಈ ಪ್ರಶ್ನೆಗೆ ಉತ್ತರ ಮೊದಲ ಭೇಟಿಯಲ್ಲೇ ಸಿಕ್ಕಿರಬೇಕು: "ಎರಡು ತಿಂಗಳಿಗೆ ನೀವು ಹುಷಾರಾಗುತ್ತೀರಿ, ಆದರೆ ಒಳಗೆ ಇನ್ನೂ ರೋಗಾಣು ಉಳಿದಿರುತ್ತದೆ. ಆಗಲೇ ಬಿಡಬೇಕೆನಿಸುತ್ತದೆ."

ಬಿಟ್ಟಾಗ ಮೊದಲ ವಾಕ್ಯವೇ ಎಲ್ಲವನ್ನೂ ನಿರ್ಧರಿಸುತ್ತದೆ. "ಮಾತ್ರೆ ತಪ್ಪಿಸಲಿಲ್ಲ ತಾನೇ?" ಎಂದು ಕೇಳಿದರೆ ಬರುವ ಉತ್ತರ ಒಂದೇ. "ಇಷ್ಟು ಮಾತ್ರೆಯಲ್ಲಿ ಒಂದೆರಡು ದಿನ ಎಲ್ಲರಿಗೂ ತಪ್ಪುತ್ತದೆ. ಕಳೆದ ವಾರ ನಿಮಗೆ ಎಷ್ಟು ದಿನ ತಪ್ಪಿತು?" ಎಂದರೆ ನಿಜ ಹೊರಬೀಳುತ್ತದೆ. ಆಮೇಲೆ ಕಾರಣ ಕೇಳಬೇಕು, ಕೇಳಿ ಸುಮ್ಮನಿರಬೇಕು. ಈ ಸುಮ್ಮನಿರುವುದನ್ನು ಕಲಿಸುವುದು ಕಷ್ಟ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರನ್ನು ರೋಗಿಯಾಗಿಸಿ, ಇನ್ನೊಬ್ಬರಿಗೆ ಮೂರು ನಿಮಿಷ ಉಪದೇಶ ಮಾಡದಿರುವ ಷರತ್ತು ಹಾಕಿ ನೋಡಿ. ಮೊದಲ ಸಲ ಯಾರೂ ಗೆಲ್ಲುವುದಿಲ್ಲ. ತರಬೇತುದಾರರಂತೂ ಖಂಡಿತ ಇಲ್ಲ.

ಹೊರಬರುವ ಕಾರಣಗಳಲ್ಲಿ ಮರೆವು ಅಪರೂಪ. ದಾರಿಖರ್ಚಿಲ್ಲ, ಬರಿ ಹೊಟ್ಟೆಯಲ್ಲಿ ಮಾತ್ರೆ ನುಂಗಿದರೆ ವಾಂತಿ, ಗಂಡನಿಗೆ ಹೇಳಿಲ್ಲ, ಬೇರೆ ಊರಿಗೆ ಕೆಲಸಕ್ಕೆ ಹೋಗಬೇಕು, ಕುಡಿತ, ಕೇಂದ್ರದಲ್ಲಿ ಗದರಿದರು. ಒಂದೊಂದಕ್ಕೂ ಒಂದೊಂದು ಪರಿಹಾರ. ಇವಕ್ಕೆಲ್ಲ "ಮಾತ್ರೆ ತಪ್ಪಿಸಿದರೆ ಔಷಧ ನಿರೋಧಕ ಕ್ಷಯ ಬರುತ್ತದೆ" ಎಂಬ ಗಿಣಿಪಾಠವೊಂದನ್ನೇ ಒಪ್ಪಿಸಿದರೆ ಮುಂದಿನ ಭೇಟಿಗೆ ಬಾಗಿಲು ತೆರೆಯುವುದಿಲ್ಲ.

ಅಡ್ಡಪರಿಣಾಮಗಳ ಬಗ್ಗೆ ಎಷ್ಟು ತಿಳಿದಿರಬೇಕು?

ಹೆದರಬೇಕಾದದ್ದು ಯಾವುದು, ಬೇಡದ್ದು ಯಾವುದು ಎಂದು ವಿಂಗಡಿಸುವಷ್ಟು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್‌ನಿಂದ. ಅಪಾಯವಿಲ್ಲ, ಆದರೆ ಮೊದಲೇ ಹೇಳದಿದ್ದರೆ ರಕ್ತವೆಂದು ಗಾಬರಿಯಾಗಿ ಮಾತ್ರೆ ಬಿಡುತ್ತಾರೆ. ಪಾದ ಜುಮುಗುಟ್ಟಿದರೆ ಐಸೋನಿಯಾಜಿಡ್ ಕಾರಣವಿರಬಹುದು, ಬಿ6 ಜೀವಸತ್ವದಿಂದ ಸರಿಹೋಗುತ್ತದೆ, ಕೇಂದ್ರಕ್ಕೆ ತಿಳಿಸಬೇಕು. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ ಅಥವಾ ಕೆಂಪು ಹಸಿರು ಬಣ್ಣ ಬೇರೆಯಾಗಿ ಕಾಣದಿದ್ದರೆ, ಮೈತುಂಬ ಗುಳ್ಳೆ ಎದ್ದರೆ ಮಾತ್ರೆ ನಿಲ್ಲಿಸಿ ಅದೇ ದಿನ ವೈದ್ಯರಲ್ಲಿಗೆ ಕಳುಹಿಸಬೇಕು. ನಾಳೆ ನೋಡೋಣ ಎನ್ನುವಂತಿಲ್ಲ.

ಬಹುತೇಕ ಕೈಪಿಡಿಗಳು ನುಂಗಿಕೊಳ್ಳುವ ಒಂದು ವಿಷಯವಿದೆ: ರಿಫಾಂಪಿಸಿನ್ ಗರ್ಭನಿರೋಧಕ ಗುಳಿಗೆಯ ಬಲವನ್ನು ಕುಂದಿಸುತ್ತದೆ. ಇದನ್ನು ಹೇಳುವವರು ಯಾರು? ಹೆಚ್ಚಿನ ಸಲ ಕಾರ್ಯಕರ್ತೆ ಒಬ್ಬಳೇ.

ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಭಯವನ್ನು ಹೇಗೆ ನಿಭಾಯಿಸುವುದು?

ಕಾರ್ಯಕರ್ತೆ ಬಾಗಿಲಿಗೆ ಬಂದಳೆಂದರೆ ನೆರೆಹೊರೆಗೆ ಸುದ್ದಿ. ಸಮವಸ್ತ್ರ, ಕ್ಷಯ ಎಂದು ದೊಡ್ಡದಾಗಿ ಬರೆದ ಚೀಲ, ಬೀದಿಯಲ್ಲಿ ನಿಂತು ಹೆಸರು ಕೂಗುವುದು, ಇವೆಲ್ಲ ರೋಗಿಯನ್ನು ಬೆತ್ತಲೆ ನಿಲ್ಲಿಸಿದಂತೆ. ಎಲ್ಲಿ ಭೇಟಿಯಾಗೋಣ ಎಂದು ರೋಗಿಯನ್ನೇ ಕೇಳಬೇಕು. ಗುಟ್ಟು ಕಾಪಾಡುವುದು ನಿಯಮವೆಂದು ಹೇಳಿದರೆ ಸಾಲದು, ಗುಟ್ಟು ಒಡೆಯುವ ಸಂದರ್ಭಗಳನ್ನು ಆಡಿಸಿ ತೋರಿಸಬೇಕು. ನೆರೆಯವಳು "ಅವರ ಮನೆಗೆ ಯಾಕೆ ಹೋಗಿದ್ದೆ?" ಎಂದು ಕೇಳಿದಾಗ ಏನು ಹೇಳುತ್ತೀರಿ? ಉತ್ತರ ಮೊದಲೇ ಸಿದ್ಧವಿರಬೇಕು.

ಇನ್ನು ಕ್ಷಯ ತಟ್ಟೆ ಲೋಟದಿಂದ ಹರಡುವುದಿಲ್ಲ, ಮುಟ್ಟಿದರೆ ಬರುವುದಿಲ್ಲ, ಗಾಳಿಯಿಂದ ಹರಡುತ್ತದೆ, ಸರಿಯಾದ ಚಿಕಿತ್ಸೆ ಶುರುವಾದ ಮೇಲೆ ಹರಡುವಿಕೆ ಬೇಗನೆ ತಗ್ಗುತ್ತದೆ. ಇದನ್ನು ಮೊದಲು ಕಾರ್ಯಕರ್ತೆಯೇ ನಂಬಬೇಕು. ರೋಗಿಯ ಮನೆಯ ನೀರು ಕುಡಿಯಲು ಅವಳು ಹಿಂಜರಿದರೆ ಹೇಳಿದ್ದೆಲ್ಲ ಅಲ್ಲಿಗೆ ಮುಗಿಯಿತು.

ಮನೆಯವರನ್ನು, ಮಕ್ಕಳನ್ನು ಪರೀಕ್ಷಿಸುವುದು ಯಾರ ಕೆಲಸ?

ಪಟ್ಟಿ ಮಾಡಿ ಕಳುಹಿಸುವುದು ಕಾರ್ಯಕರ್ತೆಯದು. ಐದು ವರ್ಷದೊಳಗಿನ ಮಕ್ಕಳು ಮೊದಲು. ಅವರಲ್ಲಿ ರೋಗ ಬೇಗ ವಿಕೋಪಕ್ಕೆ ಹೋಗುತ್ತದೆ ಮತ್ತು ಕಫ ತೆಗೆಯಲು ಅವರಿಗೆ ಬರುವುದಿಲ್ಲ, ಹೀಗಾಗಿ ಮಲದ ಮಾದರಿಯಿಂದಲೂ ಪರೀಕ್ಷಿಸುವ ವಿಧಾನ ಈಗ ಇದೆ. ಕ್ಷಯ ಇಲ್ಲವೆಂದು ಖಚಿತವಾದವರಿಗೆ ತಡೆ ಚಿಕಿತ್ಸೆ ಕೊಡಬಹುದು. ವಾರಕ್ಕೊಮ್ಮೆಯಂತೆ ಮೂರು ತಿಂಗಳು, ಒಟ್ಟು 12 ಸಲ ತೆಗೆದುಕೊಳ್ಳುವ ಕ್ರಮವೂ ಇದೆ. ರೋಗವಿಲ್ಲದವರಿಗೆ ಮಾತ್ರೆ ಏಕೆ ಎಂದು ಒಪ್ಪಿಸುವುದು ರೋಗಿಯನ್ನು ಒಪ್ಪಿಸುವುದಕ್ಕಿಂತ ಕಷ್ಟ. ಇದಕ್ಕೊಂದು ಕೂಟ ಮೀಸಲಿಡಿ.

ಕಾರ್ಯಕರ್ತೆಗೇ ಕ್ಷಯ ತಗುಲಿದರೆ?

ತಗುಲಬಹುದು, ಅದನ್ನು ಮುಚ್ಚಿಟ್ಟು ತರಬೇತಿ ಕೊಡುವುದು ಅಪ್ರಾಮಾಣಿಕತೆ. ಹೊಸ ರೋಗಿಯನ್ನು ಮನೆಯ ಹೊರಗೆ, ಬೆಳಕು ಗಾಳಿಯಲ್ಲಿ ಕಾಣುವುದು ಎಲ್ಲಕ್ಕಿಂತ ಅಗ್ಗದ ರಕ್ಷಣೆ. ಒಳಗೆ ಕೂರಲೇಬೇಕಾದರೆ ಕಿಟಕಿ ತೆರೆದಿರಲಿ, ರೋಗಿಗೆ ಸಾಮಾನ್ಯ ಮಾಸ್ಕ್, ಕಾರ್ಯಕರ್ತೆಗೆ ಎನ್95. ವರ್ಷಕ್ಕೊಮ್ಮೆಯಾದರೂ ಅವಳ ತಪಾಸಣೆಯಾಗಬೇಕು. ಎಚ್‌ಐವಿ ಇರುವ ಕಾರ್ಯಕರ್ತೆಗೆ ಅಪಾಯ ಹೆಚ್ಚು. ಕಾರಣ ಬಹಿರಂಗಪಡಿಸದೆ ಬೇರೆ ಕೆಲಸ ಕೇಳುವ ಅವಕಾಶ ಅವಳಿಗಿರಬೇಕು.

ಇದು ಸೇವೆ ತಾನೇ, ಸಂಬಳ ಏಕೆ?

ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಸಂಬಳ ಪಡೆಯುವವರೇ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಸ್ಪಷ್ಟವಾಗಿದೆ: ಕೆಲಸದ ಹೊರೆಗೆ ತಕ್ಕ ಹಣ ಕೊಡಬೇಕು, ಅದನ್ನು ಸಂಪೂರ್ಣವಾಗಿ ಅಥವಾ ಬಹುಪಾಲು ಸಾಧನೆಯ ಲೆಕ್ಕಕ್ಕೆ ಕಟ್ಟಿಹಾಕಬಾರದು. ಇಥಿಯೋಪಿಯಾ 2003ರಿಂದ ಹೆಣ್ಣುಮಕ್ಕಳನ್ನು ವರ್ಷ ಕಾಲ ತರಬೇತುಗೊಳಿಸಿ ಸರ್ಕಾರಿ ಸಂಬಳದ ಮೇಲೆ ನೇಮಿಸಿತು. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ ಬೇರೆ ದಾರಿ ಹಿಡಿದಿತ್ತು: ರೋಗಿ ಆರಂಭದಲ್ಲಿ ಸಣ್ಣ ಠೇವಣಿ ಇಡುತ್ತಿದ್ದ, ಚಿಕಿತ್ಸೆ ಮುಗಿದಾಗ ಅದರಲ್ಲಿ ಒಂದು ಪಾಲು ಅವನಿಗೆ ಮರಳಿ, ಇನ್ನೊಂದು ಪಾಲು ಸ್ವಾಸ್ಥ್ಯ ಸೇವಿಕೆಗೆ, ಅಂದರೆ ಸಂಸ್ಥೆಯ ಕಾರ್ಯಕರ್ತೆಗೆ, ಸೇರುತ್ತಿತ್ತು. ಜಾಣ ಏರ್ಪಾಡು ನಿಜ, ಆದರೆ ತಲೆಗಿಷ್ಟು ಎಂಬ ಲೆಕ್ಕ ಎಲ್ಲಿದ್ದರೂ ನನಗೆ ಅಳುಕು. ದೂರದ ಮನೆಯ, ಕುಡಿತದ ಚಟವಿರುವ, ಊರೂರು ಅಲೆಯುವ ರೋಗಿ ಆ ಲೆಕ್ಕದಲ್ಲಿ ಕೊನೆಗೆ ಉಳಿಯುತ್ತಾನೆ.

ತರಬೇತಿ ಫಲಿಸಿತೆಂದು ತಿಳಿಯುವುದು ಹೇಗೆ?

ತರಬೇತಿಯ ಮೊದಲು ಮತ್ತು ಕೊನೆಗೆ ಕೊಡುವ ಪ್ರಶ್ನೆಪತ್ರಿಕೆಯಿಂದಂತೂ ಅಲ್ಲ. ಅಂಕ ಏರುವುದು ಖಚಿತ, ಏಕೆಂದರೆ ಉತ್ತರ ಹೇಳಿಕೊಟ್ಟು ಇನ್ನೂ ಒಂದು ದಿನವಾಗಿರುವುದಿಲ್ಲ. ಮೂರು ತಿಂಗಳ ನಂತರ ಮೇಲ್ವಿಚಾರಕಿ ಜೊತೆಯಲ್ಲೇ ಹೋಗಿ ಒಂದು ಮನೆಭೇಟಿಯನ್ನು ಬಾಯಿ ಮುಚ್ಚಿ ನೋಡಬೇಕು. ಪ್ರಯೋಗಾಲಯದ ಪುಸ್ತಕದಲ್ಲಿ ಜೊಲ್ಲೆಂದು ತಿರಸ್ಕೃತವಾದ ಮಾದರಿಗಳು ಕಡಿಮೆಯಾಗಿವೆಯೇ, ಕಳುಹಿಸಿದವರಲ್ಲಿ ಎಷ್ಟು ಜನ ನಿಜವಾಗಿ ತಲುಪಿದರು, ರೋಗ ಪತ್ತೆಗೂ ಮೊದಲ ಮಾತ್ರೆಗೂ ನಡುವೆ ಎಷ್ಟು ದಿನ, ಎರಡನೆಯ ತಿಂಗಳ ಕೊನೆಯ ಕಫ ಪರೀಕ್ಷೆ ಎಷ್ಟು ಜನರಿಗೆ ಆಯಿತು, ಇವನ್ನು ಎಣಿಸಬೇಕು.

ತರಬೇತಿಯಿಂದ ಆಗದ್ದು ಏನು?

ಕೇಂದ್ರದಲ್ಲಿ ಮಾತ್ರೆ ಮುಗಿದಿದ್ದರೆ ಕಾರ್ಯಕರ್ತೆ ಎಷ್ಟೇ ಚೆನ್ನಾಗಿ ಮಾತನಾಡಿದರೂ ಆಗುವುದೇನು? ಔಷಧ ಉಚಿತವಿದ್ದರೂ ದಾರಿಖರ್ಚು ಮತ್ತು ಕಳೆದುಹೋದ ಕೂಲಿ ಸೇರಿ, ಕ್ಷಯ ಬಂದ ಮನೆಗಳಲ್ಲಿ ಸುಮಾರು ಅರ್ಧದಷ್ಟು ವರ್ಷದ ವರಮಾನದ ಶೇಕಡಾ 20ಕ್ಕಿಂತ ಹೆಚ್ಚನ್ನು ಈ ರೋಗಕ್ಕೇ ಸುರಿಯುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಮೀಕ್ಷೆಗಳು ಹೇಳುತ್ತವೆ. ಹಸಿವೆಯ ಮಾತಂತೂ ಬೇರೆಯೇ. ಜಾರ್ಖಂಡದಲ್ಲಿ ನಡೆದು 2023ರಲ್ಲಿ ಪ್ರಕಟವಾದ ರೇಷನ್ಸ್ ಪ್ರಯೋಗದಲ್ಲಿ, ರೋಗಿಯ ಮನೆಯವರಿಗೂ ಆಹಾರದ ನೆರವು ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ತರಬೇತಿಗೆ ಮೀಸಲಿಟ್ಟ ಹಣದಲ್ಲಿ ಒಂದು ಪಾಲನ್ನು ಊಟಕ್ಕೂ ದಾರಿಖರ್ಚಿಗೂ ತಿರುಗಿಸಲು ಅವಕಾಶವಿದ್ದರೆ ನಾನಂತೂ ತಿರುಗಿಸುತ್ತೇನೆ.

ಹಳೆಯ ಕೈಪಿಡಿ ಇದೆ, ಅದನ್ನೇ ಬಳಸಬಹುದೇ?

ಮೊದಲು ಅದರಲ್ಲಿ ಎರಡನೆಯ ವರ್ಗದ ಚಿಕಿತ್ಸೆ ಎಂಬ ಪುಟವಿದೆಯೇ ನೋಡಿ. ಮತ್ತೆ ಕ್ಷಯ ಬಂದವರಿಗೆ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಸೇರಿಸಿ ಎಂಟು ತಿಂಗಳು ಕೊಡುತ್ತಿದ್ದ ಆ ಕ್ರಮವನ್ನು ಕೈಬಿಡಲು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಹೇಳಿದೆ. ಅಂಥವರಿಗೆ ಈಗ ಮೊದಲು ಔಷಧ ನಿರೋಧಕತೆಯ ಪರೀಕ್ಷೆ. ಔಷಧ ನಿರೋಧಕ ಕ್ಷಯಕ್ಕೆ ಹದಿನೆಂಟು, ಇಪ್ಪತ್ತು ತಿಂಗಳ ಚಿಕಿತ್ಸೆಯೊಂದೇ ದಾರಿ ಎಂದು ಬರೆದಿದ್ದರೆ ಅದೂ ಹಳತಾಯಿತು. 2022ರಿಂದ ಬೆಡಾಕ್ವಿಲಿನ್ ಎಂಬ ಔಷಧ ಒಳಗೊಂಡ, ಚುಚ್ಚುಮದ್ದಿಲ್ಲದ ಆರು ತಿಂಗಳ ಕ್ರಮ ಹಲವರಿಗೆ ಸಾಧ್ಯವಾಗಿದೆ. ಮಕ್ಕಳ ಸೌಮ್ಯ ಕ್ಷಯಕ್ಕೆ ನಾಲ್ಕು ತಿಂಗಳು ಸಾಕೆಂದು ಅದೇ ವರ್ಷ ಶಿಫಾರಸು ಬಂದಿದೆ. ಈ ಪುಟಗಳನ್ನು ಹರಿದುಹಾಕಿ, ಕೆಮ್ಮುವುದು ಹೇಗೆಂದು ತೋರಿಸುವ ಚಿತ್ರವಿದ್ದರೆ ಅದನ್ನು ಇಟ್ಟುಕೊಳ್ಳಿ.